ಹೆಲ್ಮೆಟ್ಟಿಗೆ ತೆಗೆದ ದೃಷ್ಟಿ

ದೃಷ್ಟಿ ತಾಗುವುದು, ದೃಷ್ಟಿ ತೆಗೆಯುವುದು ಎಂದರೆ ನನಗೆ ನಗು ಬರುತ್ತಿತ್ತು. ನಾನು ವಿಜ್ಞಾನದ ಟೀಚರ್. ಬಸವೇಶ್ವರನಗರದ ನಮ್ಮ ಮನೆಯಲ್ಲಿ ಅತ್ತೆ ಉಪ್ಪು, ಒಣಮೆಣಸಿನಕಾಯಿ ಹಿಡಿದು ಬಂದರೆ ಎದ್ದು ಆಚೆ ಹೋಗಿಬಿಡುತ್ತಿದ್ದೆ. ಈಗ ಹೇಳುವುದನ್ನು ನಂಬಿ ಅಂತ ನಿಮಗೂ ಒತ್ತಾಯ ಮಾಡುವುದಿಲ್ಲ.

ಕೆಲವು ವರ್ಷಗಳ ಹಿಂದೆ ಸ್ಕೂಟರಿಗೆ ಅಕ್ಕಿ ಚೀಲ ಕಟ್ಟುವಾಗ ರಬ್ಬರ್ ಹಗ್ಗದ ಕೊಕ್ಕೆ ಕಳಚಿ ಎಡಗಣ್ಣಿಗೆ ಬಡಿಯಿತು. ಕಣ್ಣೊಳಗೆ ರಕ್ತ ತುಂಬಿಕೊಂಡು, ಲೈಟು ಹಾಕಿದ್ದಾರೋ ಇಲ್ಲವೋ ಅನ್ನುವುದಷ್ಟೇ ತಿಳಿಯುತ್ತಿತ್ತು. ವಾರಗಟ್ಟಲೆ ಕಾದರೂ ಅದು ಕರಗಲಿಲ್ಲ. ರಕ್ತ ಬೆರೆತ ಒಳಗಿನ ಲೋಳೆಯನ್ನು ಆಪರೇಷನ್ ಮಾಡಿ ತೆಗೆಯಬೇಕು, ಆಮೇಲೂ ಎಷ್ಟು ಕಾಣುತ್ತದೋ ಹೇಳಲಾಗದು ಎಂದರು ಡಾಕ್ಟರ್. ನನಗೆ ಬಹಳ ಭಯವಾಯಿತು.

ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಅತ್ತೆ, "ಒಂದ್ನಿಮಿಷ ಕೂತ್ಕೊಳೇ, ದೃಷ್ಟಿ ತೆಗೀತೀನಿ" ಅಂದರು.

"ಇರೋದೇ ಅರ್ಧ ದೃಷ್ಟಿ. ಅದನ್ನೂ ತೆಗೀಬೇಡಿ ಅತ್ತೆ," ಅಂತ ರೇಗಿ, ಗಂಡನ ಜೊತೆ ಆಟೋ ಹತ್ತಿದೆ.

ರಾಜಾಜಿನಗರದ ಆಸ್ಪತ್ರೆಯಲ್ಲಿ ಕಣ್ಣಿನ ಪಕ್ಕಕ್ಕೆ ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿದರು. ನೋವಿರಲಿಲ್ಲ, ಎಚ್ಚರವಾಗಿಯೇ ಇದ್ದೆ. ಮಷೀನಿನ ಸದ್ದು, ಡಾಕ್ಟರು ನರ್ಸಿಗೆ ಹೇಳುವ ಮಾತು ಎಲ್ಲ ಕೇಳುತ್ತಿತ್ತು. ಕಪ್ಪು ಮಬ್ಬು ಮೆಲ್ಲಗೆ ತಿಳಿಯಾಗತೊಡಗಿತು. ಆಗ ಆ ಕಣ್ಣಿಗೆ ಕಂಡದ್ದು ನಮ್ಮ ಅಡುಗೆಮನೆ. ಒಂದು ಕುರ್ಚಿ, ಅದರ ಮೇಲೆ ನನ್ನ ಹಳದಿ ಹೆಲ್ಮೆಟ್. ಅತ್ತೆ ಎಡಗೈಯಲ್ಲಿ ಅದಕ್ಕೆ ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಿದ್ದರು. ಸ್ವಲ್ಪ ಹೊತ್ತು ಅಷ್ಟೇ. ಆಮೇಲೆ ಬರೀ ಬೆಳಕು.

ಇಂಜೆಕ್ಷನ್ನಿನ ಅಮಲು ಅಂದುಕೊಂಡೆ. ಸಂಜೆ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದಾಗ ಅತ್ತೆ ಕಾಫಿ ತಂದು ಪಕ್ಕದಲ್ಲಿ ಕೂತರು.

"ಬೈಬೇಡ ಕಣೇ. ನೀನಂತೂ ಕೂರ್ಲಿಲ್ಲ. ನೀವು ಹೋದ್ಮೇಲೆ ನಿನ್ ಹೆಲ್ಮೆಟ್ ಕುರ್ಚಿ ಮೇಲಿಟ್ಟು ಅದಕ್ಕೇ ತೆಗ್ದೆ. ದಿನಾ ನಿನ್ ತಲೆ ಮೇಲೆ ಇರೋದಲ್ವಾ?"

"ಯಾವ ಕೈಲಿ ತೆಗೆದ್ರಿ ಅತ್ತೆ?"

"ಬಲಗಡೆ ಭುಜ ಹಿಡ್ಕೊಂಡಿತ್ತು, ಎಡಗೈಲೇ ತೆಗ್ದೆ. ಯಾಕೆ?"

ಕಾಫಿ ಲೋಟ ಕೆಳಗಿಟ್ಟೆ. ಸುಮ್ಮನೆ ಕೇಳಿದೆ ಅಂದೆ.

ಮುಂದಿನ ಸಲ ಹೋದಾಗ ಡಾಕ್ಟರಿಗೆ ಹೇಳಿದೆ. ಆಪರೇಷನ್ ಹೊತ್ತಲ್ಲಿ ಬೆಳಕು, ನೆರಳು ಕಾಣುವುದುಂಟು, ಮನಸ್ಸು ಅದಕ್ಕೊಂದು ರೂಪ ಕೊಡುತ್ತದೆ ಎಂದರು. ಇರಬಹುದು. ಆದರೆ ಹೆಲ್ಮೆಟ್ಟಿಗೆ ದೃಷ್ಟಿ ತೆಗೆಯುವುದನ್ನು ನಾನು ಜನ್ಮದಲ್ಲೇ ನೋಡಿರಲಿಲ್ಲವಲ್ಲ!

ಕಣ್ಣು ಉಳಿಯಿತು. ಈಗ ಕನ್ನಡಕ ಹಾಕಿಕೊಂಡು ಸಣ್ಣ ಅಕ್ಷರವನ್ನೂ ಓದುತ್ತೇನೆ. ಅವತ್ತು ಕಂಡದ್ದನ್ನು ಅತ್ತೆಗೆ ಇನ್ನೂ ಹೇಳಿಲ್ಲ. ಹೇಳಿದರೆ, "ಮತ್ತೆ? ನಿನ್ ಕಣ್ಣು ಉಳ್ಸಿದ್ದು ನಾನೇ ಕಣೇ" ಅನ್ನುತ್ತಾರೆ. ಅಲ್ಲ ಅನ್ನುವುದಕ್ಕೆ ನನಗೆ ಬಾಯಿ ಬರುವುದಿಲ್ಲ.