ಪಟಾಕಿಯ ಉಸಿರು

ಕ್ರೇನ್ ಓಡಿಸುವ ಆ ಮನುಷ್ಯನಿಗೆ ಪಟಾಕಿ ಎಂಬ ಹೆಸರು ಸುಮ್ಮನೆ ಬಿದ್ದದ್ದಲ್ಲ. ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಎದುರಿಗಿದ್ದವರು ಸೀನಿದರೂ ಸಿಡಿಯುತ್ತಿದ್ದ. ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ, ಹೊರೆಗೆ ಸರಪಳಿ ಬಿಗಿಯುತ್ತಿದ್ದವನು ತಡ ಮಾಡಿದನೆಂದು ರೇಗಿ, ಎತ್ತು ಎನ್ನುವ ಮೊದಲೇ ಲಿವರ್ ಎಳೆದುಬಿಟ್ಟ. ಸರಪಳಿ ಬಿಗಿಯಿತು. ಅದರೊಳಗೆ ಸಿಕ್ಕಿ ಬಿಗಿಯುತ್ತಿದ್ದವನ ಎರಡು ಬೆರಳು ಹೋದವು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಬೆರಳಿನದೂ ಅದೇ ಕಥೆ.

ಕಂಪನಿ ಪಟಾಕಿಯನ್ನು ಮೂರು ತಿಂಗಳು ಮನೆಯಲ್ಲಿ ಕೂರಿಸಿತು. ಬೆರಳು ಹೋದವನಿಗೆ ಸರಪಳಿ ಬಿಗಿಯುವುದು ಇನ್ನು ಆಗದೆಂದು ಸಿಗ್ನಲ್ ಕೊಡುವ ಕೆಲಸ ಕೊಟ್ಟಿತು. ಪಟಾಕಿ ಮರಳಿ ಬಂದಾಗ ನೋಡಿದರೆ ಇಬ್ಬರೂ ಒಂದೇ ವಾಕಿಟಾಕಿಗೆ ಗಂಟುಬಿದ್ದಿದ್ದರು. ಒಬ್ಬ ಆಕಾಶದಲ್ಲಿ ಗಾಜಿನ ಗೂಡಿನೊಳಗೆ, ಇನ್ನೊಬ್ಬ ಏಳುತ್ತಿರುವ ಕಟ್ಟಡದ ನೆತ್ತಿಯ ಮೇಲೆ. ಏರಿಸು, ಇಳಿಸು, ನಿಲ್ಲಿಸು. ಇದಕ್ಕಿಂತ ಹೆಚ್ಚು ಮಾತಿಲ್ಲ. ಕ್ಷಮೆ ಕೇಳಬೇಕೆಂದು ಪಟಾಕಿಗೆ ದಿನವೂ ಅನಿಸುತ್ತಿತ್ತು. ನಾಳೆ ಕೇಳಿದರಾಯಿತು ಎಂದು ನಾಲ್ಕು ವರ್ಷ ತಳ್ಳಿದ. ಇಂಥ ವಿಷಯದಲ್ಲಿ ಗಂಡಸರಷ್ಟು ಹೇಡಿಗಳು ಬೇರೆ ಯಾರೂ ಇಲ್ಲ.

ಯೋಗ ಶುರುವಾದದ್ದು ಮನೆಯಲ್ಲಿ ಕೂತ ಆ ಮೂರು ತಿಂಗಳಲ್ಲೇ. ಕಲಿಸಿದವಳು ಅವನ ಅಕ್ಕ, ಶಾಲೆಯಲ್ಲಿ ಆಟ ಆಡಿಸುವ ಟೀಚರು. ಒಲೆಗೂ ಬಾಗಿಲಿಗೂ ನಡುವೆ ಒಂದು ಚಾಪೆ ಹಾಸುವಷ್ಟು ಜಾಗ; ಬೆಳಗ್ಗೆ ಐದಕ್ಕೆ ಅಲ್ಲಿ ಅವನನ್ನು ಕೂರಿಸುತ್ತಿದ್ದಳು. ಮೈ ಬಗ್ಗಿಸುವುದು ಒಂದೆರಡು ವಾರದಲ್ಲಿ ಬಂತು. ಕಣ್ಣು ಮುಚ್ಚಿ ಕೂರುವುದು ಬರಲಿಲ್ಲ. ಕಣ್ಣು ಮುಚ್ಚಿದರೆ ಆ ಸರಪಳಿಯೇ ಕಾಣುತ್ತಿತ್ತು.

"ಅಕ್ಕಾ, ಈ ಮನಸ್ಸು ನಿಲ್ಲೋದೇ ಇಲ್ಲ."

"ನಿಲ್ಸು ಅಂದೋರ್ಯಾರು ನಿಂಗೆ? ಅದು ಓಡಿದ ಕಡೆ ನೋಡ್ತಾ ಹೋಗು. ಗಮನ ಉಸಿರಿನ ಮೇಲಿರಲಿ, ಸಾಕು. ಹಿಡಿದು ಎಳೆದಾಡಿದ್ರೆ ಇನ್ನೂ ಜಾಸ್ತಿ ಕುಣಿಯುತ್ತೆ."

ಅವನು ಒಂದು ದಿನವೂ ಬಿಡದೆ ಕೂತ. ವರ್ಷ ಕಳೆಯುವಷ್ಟರಲ್ಲಿ ಮನೆಯ ಬಾಗಿಲು ಧಡಾರೆನ್ನುವುದು ನಿಂತಿದ್ದನ್ನು ಹೆಂಡತಿ ಗಮನಿಸಿದಳು. ಸಿಟ್ಟು ಹೋಗಿರಲಿಲ್ಲ, ಅದು ಬರುತ್ತಿರುವುದು ಈಗ ಅವನಿಗೆ ಮೊದಲೇ ತಿಳಿಯುತ್ತಿತ್ತು, ಅಷ್ಟೆ. ಮೇಸ್ತ್ರಿ ಮಾತ್ರ ನಂಬಲಿಲ್ಲ. "ಹುಟ್ಟುಗುಣ ಸುಟ್ರೂ ಹೋಗಲ್ಲ. ಬತ್ತಿ ಒದ್ದೆಯಾಗಿದೆ, ಒಣಗಲಿ ನೋಡೋಣ," ಅನ್ನುತ್ತಿದ್ದ.

ಅಂದು ಹನ್ನೊಂದು ಗಂಟೆಗೆ ಎರಡು ಟನ್ ಕಬ್ಬಿಣದ ಸರಳುಗಳ ಕಟ್ಟು ಒಂಬತ್ತನೇ ಮಹಡಿಗೆ ಇಳಿಯಬೇಕಿತ್ತು. ಇನ್ನೇನು ಇಳಿಯಬೇಕು, ಎಲ್ಲಿತ್ತೋ ಗಾಳಿ, ಒಮ್ಮೆಗೇ ಬಂದು ಬಡಿಯಿತು. ಕಟ್ಟು ತೂಗತೊಡಗಿತು. ಸಿಗ್ನಲ್‌ನವನು ಹಿಂದೆ ಸರಿದು ಸರಿದು ಮೂಲೆ ಸೇರಿದ್ದ. ಎರಡು ಬದಿಗೂ ಕಂಬ, ಬೆನ್ನ ಹಿಂದೆ ಸೊಂಟದಷ್ಟು ಎತ್ತರದ ಒಂದು ಪೈಪು, ಅದರಾಚೆ ಬರೀ ಗಾಳಿ. ಮೊದಲ ಸಲ ಕಟ್ಟು ಅವನಿಂದ ಎರಡು ಮಾರು ದೂರಕ್ಕೆ ಬಂದು ಹಿಂದೆ ಹೋಯಿತು. ಮುಂದಿನ ಸಲ ಅಷ್ಟು ದೂರ ಉಳಿಯುವುದಿಲ್ಲವೆಂದು ಮೇಲಿದ್ದವನಿಗೆ ತಿಳಿಯಿತು.

"ಹಿಂದಕ್ಕೆ ಎಳಿ. ಹಿಂದಕ್ಕೆ ಎಳಿಯೋ," ವಾಕಿಟಾಕಿ ಕಿರುಚಿತು.

ಸಿಗ್ನಲ್‌ನವನ ಮಾತು ಮೀರಬಾರದು. ಕ್ರೇನಿನವರಿಗೆ ಇದೇ ಮೊದಲ ಪಾಠ. ತೂಗುವ ಹೊರೆಯನ್ನು ಎದುರು ದಿಕ್ಕಿಗೆ ಎಳೆಯಬಾರದು, ಇದು ಎರಡನೆಯದು. ಎಳೆದರೆ ತೂಗಾಟ ಇಮ್ಮಡಿಯಾಗುತ್ತದೆ. ಹೊರೆ ಹೋದ ಕಡೆಗೇ ಹೋಗಿ, ಅದು ತುದಿ ಮುಟ್ಟುವ ಕ್ಷಣಕ್ಕೆ ಕೊಕ್ಕೆಯನ್ನು ಸರಿಯಾಗಿ ಅದರ ನೆತ್ತಿಯ ಮೇಲೆ ತಂದು ನಿಲ್ಲಿಸಬೇಕು, ಆಗ ತೂಗಾಟ ನಿಲ್ಲುತ್ತದೆ. ಅಂದರೆ ಆ ಮನುಷ್ಯನ ಕಡೆಗೇ ಓಡಿಸಬೇಕು. ಅರೆಗಳಿಗೆ ಹೆಚ್ಚುಕಡಿಮೆಯಾದರೂ ಅವನು ಉಳಿಯುವುದಿಲ್ಲ. ಎರಡು ಬೆರಳು ತೆಗೆದವನೇ ಜೀವವನ್ನೂ ತೆಗೆದ ಎಂದು ಊರೆಲ್ಲ ಹೇಳುತ್ತದೆ.

ಪಟಾಕಿಯ ಅಂಗೈ ಬೆವರಿ ಲಿವರಿನ ಮೇಲೆ ಜಾರಿತು. ಎಳೆದುಬಿಡು ಎಂದು ಮೈಯೆಲ್ಲ ಹೇಳುತ್ತಿತ್ತು. ಹಾಗೆ ಹೇಳುತ್ತಿರುವುದು ಅವನಿಗೆ ಕೇಳಿಸಿತು, ಪಕ್ಕದ ಮನೆಯ ಜಗಳ ಕೇಳಿಸುವ ಹಾಗೆ. ಒಂದು ಉಸಿರು ಒಳಗೆ ಬಂತು, ಹೊರಗೆ ಹೋಯಿತು. ಅಷ್ಟೇ ಹೊತ್ತು. ಕಟ್ಟು ಮತ್ತೆ ಮೂಲೆಯ ಕಡೆ ಹೊರಟಿತು. ಅವನು ಕೊಕ್ಕೆಯನ್ನು ಅದರ ಜೊತೆಯೇ ಆ ಮನುಷ್ಯನ ಕಡೆಗೆ ಓಡಿಸಿದ.

"ಬೇಡ ಕಣೋ," ಅಂದಿತು ವಾಕಿಟಾಕಿ.

ಸಿಗ್ನಲ್‌ನವನ ಎದೆಯಿಂದ ಒಂದು ಮೊಳ ದೂರದಲ್ಲಿ ಕಟ್ಟು ನಿಂತಿತು. ಪಟಾಕಿ ಅದನ್ನು ನೆಟ್ಟಗೆ ಮೇಲೆತ್ತಿ, ದೂರ ಒಯ್ದು, ನೆಲಕ್ಕೆ ಇಳಿಸಿದ. ಆಮೇಲೆ ಒಂದೊಂದೇ ಮೆಟ್ಟಿಲು ಹಿಡಿದು ಏಣಿಯಿಳಿದು ಬರಲು ಅವನಿಗೆ ಅರ್ಧ ಗಂಟೆ ಹಿಡಿಯಿತು.

ಮೇಸ್ತ್ರಿ ಬೆನ್ನು ತಟ್ಟಿದ, ಯೋಗವನ್ನು ಹೊಗಳಿದ, ತಾನು ಮೊದಲೇ ಹೇಳಿದ್ದೆ ಎಂದೂ ಸೇರಿಸಿದ. ಪಟಾಕಿಯೂ ಒಳಗೊಳಗೇ ಉಬ್ಬಿದ, ಸುಳ್ಳೇಕೆ. ಆ ಉಬ್ಬಿನಲ್ಲೇ ಶೆಡ್ಡಿಗೆ ಹೋದ. ಸಿಗ್ನಲ್‌ನವನು ಬೆಂಚಿನ ಮೇಲೆ ನೀರಿನ ಬಾಟಲಿ ಹಿಡಿದು ಕೂತಿದ್ದ. ಮುಚ್ಚಳ ಇನ್ನೂ ತೆಗೆದಿರಲಿಲ್ಲ.

"ಹೆದರಿದ್ಯಾ?" ಎಂದು ಕೇಳಿದ ಪಟಾಕಿ.

"ಇವತ್ತಾ?" ಅವನು ತಲೆಯೆತ್ತಲಿಲ್ಲ. "ನೀನು ಪ್ರತಿ ಸಲ ಹೊರೆ ಎತ್ತುವಾಗಲೂ ನಾನು ಉಸಿರು ಬಿಗಿಹಿಡ್ಕೊಂಡು ನಿಲ್ತೀನಿ. ನಾಲ್ಕು ವರ್ಷ ಆಯ್ತು."

ನಾಲ್ಕು ವರ್ಷ ಪಟಾಕಿ ದಿನ ತಪ್ಪದೆ ತನ್ನ ಉಸಿರನ್ನೇ ನೋಡಿಕೊಂಡು ಕೂತಿದ್ದ. ಈ ಮನುಷ್ಯನ ಉಸಿರು ಅವನ ಕಿವಿಯ ಪಕ್ಕದಲ್ಲೇ ಇತ್ತು, ವಾಕಿಟಾಕಿಯಲ್ಲಿ, ಏರಿಸು ಇಳಿಸುಗಳ ನಡುವೆ. ಒಂದು ದಿನವೂ ಕೇಳಿಸಿಕೊಂಡಿರಲಿಲ್ಲ. ಅವನು ಬೆಂಚಿನ ಎದುರು ನೆಲದ ಮೇಲೆ ಕುಳಿತ.

"ತಪ್ಪಾಯ್ತಪ್ಪ," ಅಂದ. "ಅವತ್ತು ನೀನು ತಡ ಮಾಡಿರ್ಲಿಲ್ಲ. ನಾನೇ ಕಾಯ್ಲಿಲ್ಲ."

ಸಿಗ್ನಲ್‌ನವನು ಬಾಟಲಿಯ ಮುಚ್ಚಳ ತೆಗೆದು ಒಂದು ಗುಟುಕು ನೀರು ಕುಡಿದ. ಆಮೇಲೆ ಅವನ ಎದೆಯಿಂದ ಒಂದು ಉಸಿರು ಹೊರಟಿತು. ಅದು ಮುಗಿಯಲು ತುಂಬಾ ಸಮಯ ಹಿಡಿಯಿತು. ಪಟಾಕಿ ಅಲ್ಲೇ ಕೂತು ಅದನ್ನು ಕೊನೆಯವರೆಗೂ ಕೇಳಿದ.