ಕೆನ್ನೆಗೆ ಅರಿಶಿಣ

ಹದಿನಾರನೆಯ ವಯಸ್ಸಿನಲ್ಲಿ ನನ್ನ ಮುಖ ಹಿಂದೂಪುರದವರೆಲ್ಲರ ಸೊತ್ತಾಗಿತ್ತು. ಯಾರು ಬೇಕಾದರೂ ನಿಲ್ಲಿಸಿ ನೋಡಬಹುದಿತ್ತು, ಔಷಧಿ ಹೇಳಬಹುದಿತ್ತು. ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಗುರುತು ಪರಿಚಯವಿಲ್ಲದ ಹೆಂಗಸು, "ಏನ್ ಕಣಮ್ಮ, ಮಕವೆಲ್ಲಾ ಹಿಂಗಾಗ್ಬುಟ್ಟೈತೆ? ಕಡ್ಲೇಕಾಯಿ ತಿನ್ನೋದು ಬಿಡು" ಎನ್ನುತ್ತಿದ್ದಳು. ಬಿಟ್ಟೆ. ಎಣ್ಣೆ ಬಿಟ್ಟೆ, ಮಾವಿನಹಣ್ಣು ಬಿಟ್ಟೆ, ಕೊನೆಗೆ ಕಾಲೇಜನ್ನೂ ವಾರಕ್ಕೆರಡು ದಿನ ಬಿಡತೊಡಗಿದೆ. ಮೊಡವೆ ಮಾತ್ರ ನನ್ನನ್ನು ಬಿಡಲಿಲ್ಲ.

ಹೊರಗೆ ಹೋದರೆ ಕಣ್ಣಿನವರೆಗೂ ದುಪಟ್ಟಾ. ಮನೆಯಲ್ಲಿ ಬಚ್ಚಲ ಕನ್ನಡಿಯ ಮೇಲೆ ಟವೆಲ್ಲು. ಅಮ್ಮ ಊಟಕ್ಕೆ ಕರೆದರೂ ಸಿಡುಕುತ್ತಿದ್ದೆ. ತಂಗಿಯ ನುಣುಪು ಕೆನ್ನೆ ಕಂಡರೆ ಗೀರಬೇಕೆನ್ನಿಸುತ್ತಿತ್ತು. ಬೆಳಗ್ಗೆ ಏಳುವುದೇ ಬೇಡ ಅನ್ನಿಸಿದ ದಿನಗಳೂ ಇದ್ದವು. ಅದನ್ನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ, "ಒಂದು ಮೊಡವೆಗೆ ಇಷ್ಟು ರಾಮಾಯಣಾನಾ?" ಅನ್ನುತ್ತಿದ್ದರು.

ಇಪ್ಪತ್ತು ದಾಟುವಷ್ಟರಲ್ಲಿ ಮುಖ ತಾನಾಗಿ ತಿಳಿಯಾಯಿತು, ಮದುವೆಯೂ ಆಯಿತು. ಯಾರಿಂದಲಾದರೂ ಮತ್ತೆ ಅಂಟೀತೆಂಬ ಭಯ ಮಾತ್ರ ಹೋಗಲಿಲ್ಲ. ನನ್ನ ಟವೆಲ್ಲು ಬೇರೆ, ದಿಂಬು ಬೇರೆ. ಮೊಡವೆ ಅಂಟುಜಾಡ್ಯವಲ್ಲ ಎಂದು ಚರ್ಮದ ಡಾಕ್ಟರು ಎರಡು ಸಲ ಹೇಳಿದ್ದರು. ತಲೆಯಾಡಿಸಿ ಬಂದಿದ್ದೆ, ನಂಬಿರಲಿಲ್ಲ.

ಹೋದ ವರ್ಷ ಕಲ್ಯಾಣದುರ್ಗದಿಂದ ಚಿಕ್ಕಮ್ಮನ ಮಗಳು ಫೋನ್ ಮಾಡಿದಳು. ಹದಿನಾಲ್ಕು ವರ್ಷದ ಹುಡುಗಿ. ಅವಳ ಮುಖ ಆ ವಯಸ್ಸಿನ ನನ್ನ ಮುಖಕ್ಕಿಂತಲೂ ಕೆಟ್ಟಿತ್ತು. ಎರಡು ತಿಂಗಳಿಂದ ಸ್ಕೂಲಿಗೆ ಹೋಗದೆ ಕೋಣೆ ಸೇರಿಕೊಂಡಿದ್ದಳು. ಅಂಥವಳಿಗೆ ಮನೆಯವರು ಲಂಗದಾವಣಿ ಉಡಿಸುವ ಫಂಕ್ಷನ್ ಇಟ್ಟಿದ್ದರು. ಅದರಲ್ಲಿ ಮುತ್ತೈದೆಯರು ಒಬ್ಬೊಬ್ಬರಾಗಿ ಬಂದು ಹುಡುಗಿಯ ಎರಡೂ ಕೆನ್ನೆಗೆ ಅರಿಶಿಣ ಹಚ್ಚಬೇಕು.

"ಅಕ್ಕಾ, ಯಾರೂ ನನ್ ಮಕ ಮುಟ್ಟಲ್ಲ ಕಣಕ್ಕ. ಅಷ್ಟು ಜನದ ಮುಂದೆ ಛೀ ಅಂದ್ಬುಟ್ರೆ ನಾನು ಸತ್ತೇ ಹೋಯ್ತೀನಿ. ಮೊದ್ಲು ನೀನೇ ಬಾ. ನೀನು ಹಚ್ಚಿದ್ರೆ ಮಿಕ್ಕೋರೂ ಹಚ್ತಾರೆ. ನಿಂಗೆ ಗೊತ್ತು ಕದಾ."

"ಬತ್ತೀನಿ ಕಣೇ, ನಾನೇ ಮೊದ್ಲು ಹಚ್ತೀನಿ, ಅಳ್ಬೇಡ" ಎಂದೆ. ಆಗ ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ.

ಫಂಕ್ಷನ್ ಹಾಲಿನ ಬಾಗಿಲಲ್ಲಿ ಆಳೆತ್ತರದ ಫ್ಲೆಕ್ಸಿ. ಸ್ಟುಡಿಯೋದವನು ಅವಳ ಮುಖವನ್ನು ಉಜ್ಜಿ ಉಜ್ಜಿ ಬೆಣ್ಣೆ ಮಾಡಿಟ್ಟಿದ್ದ. ಬಂದವರು ಅದನ್ನೊಮ್ಮೆ, ಕುರ್ಚಿಯಲ್ಲಿ ಕೂತ ಹುಡುಗಿಯನ್ನೊಮ್ಮೆ ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದರು. ರೊದ್ದಂ ಕಡೆಯಿಂದ ಬಂದಿದ್ದ ಅಜ್ಜಿಯೊಬ್ಬಳು, "ಇಬ್ರು ಹುಡ್ಗೀರಾ? ಆ ಹೊರಗಡೆ ಇರೋಳು ಎಲ್ಲಿ?" ಎಂದು ಗಟ್ಟಿಯಾಗಿಯೇ ಕೇಳಿದಳು. ಹುಡುಗಿಗೂ ಕೇಳಿಸಿತು.

ಚಿಕ್ಕಮ್ಮ ಅರಿಶಿಣದ ಬಟ್ಟಲನ್ನು ನನ್ನ ಕೈಗೆ ಕೊಟ್ಟಳು. ಹುಡುಗಿ ನನ್ನನ್ನು ನೋಡಿ ನಕ್ಕು ಮುಖವನ್ನು ತುಸು ಮೇಲೆತ್ತಿದಳು. ಹತ್ತಿರದಿಂದ ಎಲ್ಲ ಕಂಡಿತು: ಮೇಕಪ್ಪಿನ ಅಡಿಯಲ್ಲಿ ಕೆಂಪಗೆ ಊದಿದ ಗುಳ್ಳೆಗಳು, ಒಂದೆರಡರಲ್ಲಿ ಕೀವು. ನನ್ನ ಬೆರಳು ಅವಳ ಕೆನ್ನೆಯ ತನಕ ಹೋಗಿ ನಿಂತಿತು. ಹೇಸಿಗೆಯಾಯಿತು. ಅದಕ್ಕೆ ಬೇರೆ ಒಳ್ಳೆಯ ಹೆಸರು ಕೊಡಲಾರೆ. ಈ ಕೈಯನ್ನು ಆಮೇಲೆ ನನ್ನ ಮುಖಕ್ಕೆ ತಾಗಿಸಿಕೊಂಡರೆ ಏನು ಗತಿ ಎಂದು ಲೆಕ್ಕ ಹಾಕುತ್ತಿದ್ದೆ.

"ಸರಿಯಾಗಿ ಹಚ್ಚಿ ಮೇಡಂ, ಫೋಟೋದಾಗೆ ಬೀಳ್ತಿಲ್ಲ" ಎಂದ ಫೋಟೋದವನು.

ನಾನು ಅವಳ ಕೈ ಎಳೆದುಕೊಂಡು ಮುಂಗೈಗೆ ಹಚ್ಚಿಬಿಟ್ಟೆ. ಅವಳ ಮುಖ ಇನ್ನೂ ಮೇಲೆತ್ತಿದಂತೆಯೇ ಇತ್ತು.

ನನ್ನ ಹಿಂದಿದ್ದ ಹೆಂಗಸಿಗೆ ನಿರಾಳವಾಯಿತು. "ಓ, ಕೈಗೇನಾ? ಅದೇ ಒಳ್ಳೇದು ಬಿಡು" ಎಂದು ಅವಳೂ ಕೈಗೇ ಹಚ್ಚಿದಳು. ಸಾಲು ಬಾಗಿಲವರೆಗೂ ಇತ್ತು. ಮೂರನೆಯವಳು ಬಟ್ಟಲಿಗೆ ಬೆರಳದ್ದುವಷ್ಟರಲ್ಲಿ ಹುಡುಗಿ ತಲೆ ತಗ್ಗಿಸಿ, ತಾನೇ ಕೈ ಮುಂದಕ್ಕೆ ಚಾಚಿದಳು.