ಸಮುದ್ರ ತೆಗೆದುಕೊಂಡ ಕರಡಿಗೆ

ಪವಾಡದ ಮಾತು ಬಂದರೆ ನಾನು ಚಹಾ ಅರ್ಧಕ್ಕೇ ಬಿಟ್ಟು ಏಳುವವನು. ಓದಿದ್ದು ಕಡಿಮೆ. ಶಾಲೆ ಬಿಟ್ಟು ನೆಲಕ್ಕೆ ಫರ್ಸಿ ಕಲ್ಲು ಹಾಸುವ ಕೆಲಸ ಹಿಡಿದೆ. ಕಲಬುರಗಿಯಲ್ಲಿ ನಾನು ಶಹಾಬಾದ್ ಕಲ್ಲು ಹಾಸಿಕೊಟ್ಟ ಮನೆಗಳು ಬಹಳ ಇವೆ. ಒಂದರಲ್ಲಾದರೂ ಕಲ್ಲು ಅಲುಗಿದೆ ಎಂದು ಯಾರೂ ನನ್ನ ಬಾಗಿಲಿಗೆ ಬಂದಿಲ್ಲ. ಕಣ್ಣಿಗೆ ಕಂಡದ್ದು, ಕೈಗೆ ಸಿಕ್ಕಿದ್ದು ಇಷ್ಟೇ ನಿಜ ಎಂದುಕೊಂಡು ನಡೆದವನು ನಾನು. ದೇವರ ತಂಟೆಗೆ ನಾನು ಹೋಗುತ್ತಿರಲಿಲ್ಲ, ಅವನೂ ನನ್ನ ತಂಟೆಗೆ ಬರುತ್ತಿರಲಿಲ್ಲ. ಅಂಥವನು ಇದನ್ನು ಬರೆಯಲು ಕೂತಿದ್ದೇನೆ. ನೀವು ನಂಬಲೇಬೇಕು ಎಂಬ ಹಟ ನನಗಿಲ್ಲ.

ಕೆಲವು ವರ್ಷಗಳ ಹಿಂದೆ ಕೇರಳದ ಸಮುದ್ರ ದಂಡೆಯ ಒಂದು ಊರಲ್ಲಿ ಅತಿಥಿಗೃಹಕ್ಕೆ ಕಲ್ಲು ಹಾಸುವ ಕೆಲಸ ಸಿಕ್ಕಿತು. ಕಲಬುರಗಿ ಹತ್ತಿರದ ನಂದೂರಿನ ಶೆಡ್ಡಿನಲ್ಲಿ ನನ್ನ ಜೊತೆ ಕಲ್ಲು ಕೊಯ್ಯುವ ಇಸ್ಮಾಯಿಲನೂ ಬಂದಿದ್ದ. ಆ ದಂಡೆಯದೊಂದು ವಿಚಿತ್ರ. ಒಂದು ಕಡೆ ನೀರು, ನಡುವೆ ಮರಳು ಮತ್ತು ಸಣ್ಣ ರಸ್ತೆ, ರಸ್ತೆಯ ಆಚೆ ತಂತಿಬೇಲಿ, ಬೇಲಿಯೊಳಗೆ ರನ್‌ವೇ. ವಿಮಾನಗಳು ಒಂದರ ಹಿಂದೊಂದು ಸಮುದ್ರದ ಕಡೆಯಿಂದ ಬಂದು, ಸ್ನಾನ ಮಾಡುವವರ ತಲೆಯ ಮೇಲೇ ಇಳಿಯುತ್ತಿದ್ದವು. ಚಕ್ರ ಕೈಗೆ ಸಿಗುತ್ತದೇನೋ ಅನ್ನಿಸುತ್ತಿತ್ತು. ನಮ್ಮ ಕಲಬುರಗಿಯಲ್ಲಿ ವಿಮಾನ ಬಂದರೆ ಜನ ಇವತ್ತಿಗೂ ತಲೆಯೆತ್ತಿ ನೋಡುತ್ತಾರೆ. ಅಲ್ಲಿಯ ಮೀನುಗಾರರು ಬಲೆಯಿಂದ ಕಣ್ಣು ತೆಗೆಯುತ್ತಿರಲಿಲ್ಲ.

ಅವ್ವ ಸಮುದ್ರ ಕಂಡವಳಲ್ಲ. ಕೆಲಸದ ನಡುವೆ ಊರಿಗೆ ಬಂದವನು ತಿರುಗಿ ಹೋಗುವಾಗ ನಮ್ಮೂರು ಕಮಲಾಪುರದಿಂದ ಅವಳನ್ನೂ ಕರೆದುಕೊಂಡು ಹೋದೆ. ರೈಲಿನಲ್ಲಿ ತಿನ್ನಲೆಂದು ಊರಿನ ಕೆಂಪು ಬಾಳೆಯ ಗೊನೆಯಿಂದ ಎರಡು ಚಿಪ್ಪು ಕೊಯ್ದುಕೊಂಡಿದ್ದಳು.

ಅವ್ವ ಲಿಂಗಪೂಜೆ ಆಗದೆ ಬಾಯಲ್ಲಿ ನೀರು ಹಾಕುವವಳಲ್ಲ. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಅವಳ ಇಷ್ಟಲಿಂಗ. ದಂಡೆಗೆ ಹೊರಟಾಗ ನೋಡಿದರೆ ಅದರ ಶಿವದಾರ ಸವೆದು ಎಳೆ ಎಳೆಯಾಗಿತ್ತು. ಊರಿಗೆ ಹೋಗಿ ಬದಲಿಸುತ್ತೇನೆ ಅಂದಳು. ನಾನು ಕೇಳಲಿಲ್ಲ. ಕಲ್ಲಿನ ಸಾಲು ನೇರ ಹಿಡಿಯಲು ನಾವು ಕಟ್ಟುವ ನೈಲಾನ್ ದಾರ ಜೇಬಿನಲ್ಲಿತ್ತು. ಅದನ್ನೇ ಪೋಣಿಸಿ ಅವಳ ಕೊರಳಿಗೆ ಕಟ್ಟಿದೆ. ತೆರೆಗೆ ಕರಡಿಗೆ ಹಾರಾಡಬಾರದೆಂದು ಗಿಡ್ಡಗೆ ಕಟ್ಟಿದೆ, ಕೊರಳಿಗೆ ಅಂಟಿಕೊಂಡಂತೆ. ಗದ್ದ ದಾಟಿ ತಲೆಯಿಂದ ತೆಗೆಯಲು ಬರುತ್ತಿರಲಿಲ್ಲ. ಗಂಟಿನ ತುದಿಗಳನ್ನು ಬೀಡಿಯ ಕಿಡಿಯಿಂದ ಸುಟ್ಟು ಒತ್ತಿದೆ.

"ಎಮ್ಮಿಗಿ ಕಟ್ಟಿದಂಗ ಕಟ್ಟಿದೆಲ್ಲೋ" ಅಂದಳು ಅವ್ವ.

"ಬಿಚ್ಚಿದ್ರ ನನ್ನ ಹೆಸರು ಬದಲಿ ಮಾಡು" ಅಂದೆ.

ನಾನು, ಅವ್ವ, ಇಸ್ಮಾಯಿಲ ನೀರಿನಲ್ಲಿ ಮೊಣಕಾಲುಮಟ ನಿಂತಿದ್ದೆವು. ಅವ್ವ ಸಣ್ಣ ಹುಡುಗಿಯ ಹಾಗೆ ನಗುತ್ತಿದ್ದಳು. ಒಂದು ದೊಡ್ಡ ವಿಮಾನ ಬಂತು. ನಾವು ಮೂವರೂ ಕಲಬುರಗಿಯವರೇ, ತಲೆಯೆತ್ತಿ ನೋಡುತ್ತಾ ನಿಂತೆವು. ತೆರೆ ಬಂದದ್ದು ಕಾಣಲಿಲ್ಲ. ಅವ್ವ ಬಿದ್ದಳು. ನಾನು ರಟ್ಟೆ ಹಿಡಿದು ಎಳೆದೆ. ಎದ್ದು ಕೂತವಳು ಮೊದಲು ಕೊರಳು ಮುಟ್ಟಿ ನೋಡಿಕೊಂಡಳು. ಕೊರಳು ಬರಿದಾಗಿತ್ತು.

ಬೆಳಕು ಇರುವವರೆಗೆ ನಾನೂ ಇಸ್ಮಾಯಿಲನೂ ಮರಳು ಜಾಲಾಡಿದೆವು. ಮೀನುಗಾರರೂ ಬಲೆ ಎಳೆದು ನೋಡಿದರು. ಅವ್ವ ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಅದೇ ಕಷ್ಟವಾಯಿತು. ರಾತ್ರಿ ಊಟ ಬೇಡ ಅಂದಳು, ನೀರೂ ಬೇಡ ಅಂದಳು. ಅವಳಿಗೆ ಸಕ್ಕರೆ ಕಾಯಿಲೆ, ಗುಳಿಗೆ ತಪ್ಪಿಸುವಂತಿಲ್ಲ. ಊರಿನ ಅಯ್ಯನವರಿಗೆ ಫೋನು ಹಚ್ಚಿ ಕೊಟ್ಟೆ. ಹೊಸ ಲಿಂಗ ಕೊಡುತ್ತೇನೆ, ಉಪವಾಸ ಬೇಡ ಎಂದು ಅವರೂ ಬಹಳ ಹೇಳಿದರು.

"ಅಯ್ಯನೋರು ಕೊಡ್ತಾರ. ನಾ ತಗೋಬೇಕಲ್ಲ?" ಎಂದು ಫೋನು ತಿರುಗಿ ನನ್ನ ಕೈಗಿಟ್ಟಳು.

"ಹಂಗಂತ ಸಾಯ್ತೀಯೇನು?"

"ಅದು ಬಂದ್ರ ಉಣ್ತೀನಿ. ನೀ ಮಲಕೋ."

ಬೆಳಿಗ್ಗೆ ಅವಳ ತುಟಿ ಒಣಗಿತ್ತು, ಗೋಡೆ ಹಿಡಿದು ಎದ್ದಳು. ನಾನು ಇನ್ನು ಕೇಳುವುದಿಲ್ಲ ಎಂದು ಆಸ್ಪತ್ರೆಗೆ ಹೋಗಲು ಆಟೋ ತರಿಸಿದೆ. ಒಂದು ಸಲ ದಂಡೆಗೆ ಹೋಗೋಣ, ಆಮೇಲೆ ನೀನು ಹೇಳಿದಲ್ಲಿಗೆ ಬರುತ್ತೇನೆ ಅಂದಳು. ಅಲ್ಲಿ ಆಟೋದಿಂದ ಇಳಿದವಳು ಸಮುದ್ರಕ್ಕೆ ಬೆನ್ನು ಮಾಡಿ, ರಸ್ತೆ ದಾಟಿ, ತಂತಿಬೇಲಿಯ ಮುಂದೆ ಕೂತಳು.

"ಅವ್ವಾ, ಸಮುದ್ರ ಆ ಕಡೆ ಅದ."

"ನನಗೇನು ಕಣ್ಣಿಲ್ಲೇನು?"

ತಲೆ ತಿರುಗಿ ದಿಕ್ಕು ತಪ್ಪಿದೆ ಎಂದುಕೊಂಡೆ. ಜೊತೆಗೆ ಬಂದಿದ್ದ ಇಸ್ಮಾಯಿಲ ನನ್ನ ಮುಖ ನೋಡಿದ. ಅಷ್ಟರಲ್ಲಿ ವಿಮಾನವೊಂದು ಇಳಿದು ಹೋಯಿತು, ಅದರ ಗಾಳಿಗೆ ಬೇಲಿಯೊಳಗಿನ ಹುಲ್ಲು ಮಲಗಿತು. ಮಲಗಿದ ಹುಲ್ಲಿನಲ್ಲಿ ಏನೋ ಬೆಳ್ಳಗೆ ಹೊಳೆಯಿತು. ಅವ್ವ ಬೆರಳು ಮಾಡಿ ತೋರಿಸಿದಳು.

ಬೇಲಿಯೊಳಗಿದ್ದ ಕಾವಲುಗಾರ ಉತ್ತರದವನು, ಹೆಗಲಿಗೆ ಬಂದೂಕು. ಮೊದಲು ದೂರ ಹೋಗಿ ಎಂದು ಗದರಿಸಿದ. ಇಸ್ಮಾಯಿಲ ಕೈ ಮುಗಿದು, "ಸಾಬ್, ಅಮ್ಮಾಕಿ ಜಾನ್ ಹೈ ಉಸ್ಮೆ" ಅಂದ, ಅಮ್ಮನ ಜೀವ ಅದರಲ್ಲಿದೆ ಎಂದು. ಕಾವಲುಗಾರ ಅವ್ವನನ್ನು ಒಂದು ಗಳಿಗೆ ನೋಡಿ, ವೈರ್‌ಲೆಸ್ಸಿನಲ್ಲಿ ಯಾರನ್ನೋ ಕರೆದ. ಜೀಪು ಬಂತು. ಅವರು ಅದನ್ನು ಕೋಲಿನಿಂದ ತಿರುವಿ ನೋಡಿ, ಬಾಂಬಲ್ಲ ಎಂದು ಖಾತ್ರಿ ಮಾಡಿಕೊಂಡು, ಒಳಗೇನಿದೆ ಹೇಳಿ ಅಂದರು. ಅವ್ವ ಹೇಳಿದಳು: ಕರಿಯ ಲಿಂಗ, ಹಸಿರು ಖಣದ ಬಟ್ಟೆಯ ತುಂಡು, ವಿಭೂತಿ. ಇಸ್ಮಾಯಿಲ ಹಿಂದಿಯಲ್ಲಿ ಹೇಳಿದ. ತೆರೆದು ನೋಡಿದರೆ ಹಾಗೆಯೇ ಇತ್ತು. ಬೇಲಿಯ ಕೆಳಗಿನ ಸಂದಿಯಿಂದ ಕೊಟ್ಟರು.

ಮೊದಲು ಹಿಡಿದವನು ನಾನು. ವಿಭೂತಿ ಒಣಗಿತ್ತು, ಖಣವೂ ಒಣಗಿತ್ತು. ಮುಚ್ಚಳ ಬಿಗಿ ಇದ್ದಿರಬಹುದು, ಒಪ್ಪಿದೆ. ದಾರ ನೋಡಿದೆ. ನನ್ನದೇ ನೈಲಾನ್ ದಾರ. ನನ್ನದೇ ಗಂಟು, ಬೀಡಿಯಿಂದ ಸುಟ್ಟ ತುದಿಗಳ ಕರಿ ಗುರುತು ಹಾಗೇ ಇತ್ತು. ಬಿಚ್ಚಿರಲಿಲ್ಲ, ಹರಿದಿರಲಿಲ್ಲ. ಅವ್ವನ ಕೊರಳಿಗೆ ಹಾಕಲು ಹೋದೆ. ತಲೆಯಿಂದ ಇಳಿಯಲಿಲ್ಲ. ತುರುಬು ಬಿಚ್ಚಿದರೂ ಹಣೆಯ ಹತ್ತಿರವೇ ನಿಂತಿತು. ಕೊನೆಗೆ ಇಸ್ಮಾಯಿಲ ಬ್ಲೇಡಿನಿಂದ ದಾರ ಕೊಯ್ದ ಮೇಲೆಯೇ ಕಟ್ಟಲು ಬಂತು. ನನ್ನ ಗಂಟು ಸೋತಿರಲಿಲ್ಲ. ಅದೇ ನನ್ನನ್ನು ಕೂಡ್ರಿಸಿಬಿಟ್ಟಿತು.

"ಹದ್ದು ಒಯ್ದು ಒಗದಿರಬೇಕು ಭೈ" ಅಂದ ಇಸ್ಮಾಯಿಲ.

"ಹದ್ದು ಒಯ್ತು ಅಂತ ತಿಳಿ. ಕೊರಳಾಗಿಂದ ಹ್ಯಾಂಗ ತಗೀತು?"

ಅವನು ಬ್ಲೇಡನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡ.

ಅವ್ವ ಅಲ್ಲೇ ಬೇಲಿಯ ನೆರಳಿನಲ್ಲಿ ಲಿಂಗ ಅಂಗೈಯಲ್ಲಿಟ್ಟು ಪೂಜೆ ಮಾಡಿದಳು. ಆಮೇಲೆ ನೀರು ಕುಡಿದಳು, ಗುಳಿಗೆ ನುಂಗಿದಳು, ಚೀಲದಲ್ಲಿ ಉಳಿದಿದ್ದ ಕೆಂಪು ಬಾಳೆಹಣ್ಣು ಸುಲಿದು ತಿಂದಳು. ಕಾವಲುಗಾರನಿಗೂ ಒಂದನ್ನು ಸಂದಿಯಿಂದ ಕೊಟ್ಟಳು. ಅವನು ಅದರ ಬಣ್ಣ ನೋಡಿ, ತಿನ್ನಬಹುದೋ ಎಂದು ಕೇಳಿದ.

ಊರಿಗೆ ಬಂದ ಮೇಲೆ ಒಬ್ಬ ಮೇಷ್ಟ್ರನ್ನು ಕೇಳಿದೆ. ಒದ್ದೆಯಾದ ಕೊರಳು ಜಾರುತ್ತದೆ, ತೆರೆಯ ಎಳೆತಕ್ಕೆ ನೈಲಾನ್ ಹಿಗ್ಗುತ್ತದೆ ಅಂದರು. ಹಿಗ್ಗುವುದನ್ನು ನಾನು ಬಲ್ಲೆ, ದಿನವೂ ಅದನ್ನೇ ಎಳೆದು ಕಟ್ಟುವವನು ನಾನು. ಆದರೂ ಮನೆಗೆ ಬಂದು ಅದೇ ಉಂಡೆಯ ದಾರವನ್ನು ನನ್ನ ಕೊರಳಿಗೆ ಅಷ್ಟೇ ಗಿಡ್ಡಗೆ ಕಟ್ಟಿಕೊಂಡು, ನೀರು ಸುರಿದುಕೊಂಡು ಎಳೆದು ನೋಡಿದೆ. ಚರ್ಮ ಸುಲಿಯಿತು, ದಾರ ಬರಲಿಲ್ಲ. ಹೆಂಡತಿ ನೋಡಿ ಹೆದರಿ ಚೀರಿದಳು. ಅದು ಬೇರೆ ರಾದ್ಧಾಂತವಾಯಿತು.

ಒಮ್ಮೆ ಕಮಲಾಪುರಕ್ಕೆ ಹೋದಾಗ ಅವ್ವನನ್ನೇ ಕೇಳಿದೆ, ಅದು ಬೇಲಿಯೊಳಗೆ ಹೇಗೆ ಬಂತು, ನಿನಗೆ ಅಲ್ಲೇ ಕೂಡಬೇಕೆಂದು ಹೇಗೆ ತಿಳಿಯಿತು ಎಂದು. ಅವಳು ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಮನಿಗಿ ಬಂದೋರಿಗಿ ಹ್ಯಾಂಗ ಬಂದ್ರಿ ಅಂತ ಯಾರರೆ ಕೇಳ್ತಾರೇನು? ಕುಂಡ್ರಿ ಅಂತಾರ. ನೀನೂ ಕುಂಡ್ರು, ರೊಟ್ಟಿ ಬಿಸಿ ಅದ."

ಕೂತೆ, ಉಂಡೆ. ಅವಳಿಗೆ ಅಷ್ಟು ಸಾಕಾಗಿದೆ. ನನಗೆ ಇನ್ನೂ ಸಾಕಾಗಿಲ್ಲ.